ಐದೂವರೆ ತಾಸಿನ ತಪ್ಪು

ಕೊಂಡಾಪುರದ ಮನೆಯಿಂದ ಹವ್ಯಾಸಿ ರೇಡಿಯೋದಲ್ಲಿ ಯಾರ ಜೊತೆ ಮಾತಾಡಿದರೂ ಹೊತ್ತಿನ ಸಮೇತ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದೆ. ಇಬ್ಬರೂ ಇಂಟರ್ನೆಟ್ಟಿಗೆ ಹಾಕಿದ ದಾಖಲೆ ತಾಳೆಯಾದರಷ್ಟೇ ಆ ಮಾತುಕತೆಗೆ ಮಾನ್ಯತೆ. ನನ್ನದು ಒಂದೂ ತಾಳೆಯಾಗಲಿಲ್ಲ. ಸಾಫ್ಟ್‌ವೇರ್ ಮೇಲೆ ಸಾಫ್ಟ್‌ವೇರ್ ಬದಲಿಸಿ ಎಲ್ಲವನ್ನೂ ಬೈದೆ.

ಒಂದು ಭಾನುವಾರ ರೇಡಿಯೋದಲ್ಲಿ ಸಿಕ್ಕ, ನಮ್ಮ ನಗರದ ಇನ್ನೊಂದು ತುದಿಯ ಮಲ್ಕಾಜ್‌ಗಿರಿಯ ಮೇಡಂ ಒಬ್ಬರ ಹತ್ತಿರ ಗೋಳು ತೋಡಿಕೊಂಡೆ. ಅವರು ಮೂಲತಃ ರಾಯಚೂರಿನ ಕಡೆಯವರು.

"ಯಾವ ಟೈಮ್ ಹಾಕಾಕತ್ತೀರಿ?"

"ಗೋಡೆ ಗಡಿಯಾರದ್ದು."

ಪುಣ್ಯಾತ್ಗಿತ್ತಿ ನಗಲಿಲ್ಲ. "ನಾನೂ ಮೊದ್ಲು ಹಂಗ ಮಾಡ್ತಿದ್ದೆ. ಎಲ್ಲಾರೂ ಗ್ರೀನ್‌ವಿಚ್ ಟೈಮ್ ಹಾಕ್ತಾರ. ಐದೂವರೆ ತಾಸು ಕಳೀರಿ."

ಹಳೆಯದನ್ನೆಲ್ಲ ತಿದ್ದಿ ಮುಗಿಸುವವರೆಗೂ ಅವರು ರೇಡಿಯೋ ಬಿಟ್ಟು ಏಳಲಿಲ್ಲ. ಸಂಜೆಗೆ ಮೊದಲ ದಾಖಲೆ ತಾಳೆಯಾಗಿ, ಜಪಾನಿನವರೊಬ್ಬರ ಜೊತೆ ನಾನು ಮಾತಾಡಿದ್ದು ನಿಜವೆಂದಾಯಿತು.

ಈಗ ಗೋಡೆಯ ಮೇಲೆ ಗ್ರೀನ್‌ವಿಚ್ ಗಡಿಯಾರವೂ ಇದೆ. ಆಫೀಸಿಗೆ ತಡವಾದ ದಿನ ಅದನ್ನೇ ನೋಡುತ್ತಾ ನಿಧಾನವಾಗಿ ತಿಂಡಿ ತಿನ್ನುತ್ತೇನೆ.