ಏನಾಗಿಲ್ಲ ಟೀಚರ್

ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೂ ಒಂದಿತ್ತು, ಆದರೆ ಶಾಲೆಯಲ್ಲಿ ಅದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಹುಡುಗಿಯರಿಗೆ ವಾಲಿಬಾಲ್ ಕಲಿಸುವ ಆ ಪಿ.ಟಿ. ಟೀಚರಿಗೆ ಮಕ್ಕಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ಏನಾಗಿಲ್ಲ ಟೀಚರ್’. ಯಾರೇ ಬೀಳಲಿ, ಮೊಣಕೈ ತರಚಲಿ, ಪಾದ ಉಳುಕಲಿ, ದೂರದಿಂದಲೇ ಸೀಟಿ ಊದಿ “ಏನಾಗಿಲ್ಲ, ಏಳು!” ಎಂದು ಗದರುವುದು ಅವರ ಪದ್ಧತಿ. ಎದ್ದವಳ ಬೆನ್ನು ತಟ್ಟಿ “ಗಟ್ಟಿಗಿತ್ತಿ!” ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಹುಡುಗಿಯರು ಕುಂಟುತ್ತಲೇ ಆಡುತ್ತಿದ್ದರು. ಟೀಚರ್ ಕೆಟ್ಟವರಲ್ಲ ಪಾಪ. ಅವರಿಗೆ ಆಟ ಕಲಿಸಿದವರೂ ಹೀಗೆಯೇ ಗದರಿದ್ದರು.

ಈ ವರ್ಷ ಎಲ್ಲ ಕೋಚ್‌ಗಳಿಗೂ ಒಂದು ತರಬೇತಿ ಕಡ್ಡಾಯವಾಯಿತು. ಆಡುವ ಮಕ್ಕಳ ಮೈಗೂ ಮನಸ್ಸಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ವಿಷಯ. ಟೀಚರ್ ಮೂಗು ಮುರಿಯುತ್ತಲೇ ಹೋದರು. ಹೇಳಿಕೊಡಲು ಬಂದ ಫಿಸಿಯೋಥೆರಪಿಸ್ಟ್‌ಗೆ ಟೀಚರ್ ಮಗಳ ವಯಸ್ಸು. ಮೊದಲ ದಿನ ನೆಗೆದು ಇಳಿಯುವುದನ್ನು ಕಲಿಸಿದಳು: ಮಂಡಿ ಬಾಗಿಸಿ, ಎರಡೂ ಪಾದಗಳ ಮೇಲೆ, ಸದ್ದಾಗದ ಹಾಗೆ. “ಕಣ್ಣು ಮುಚ್ಚಿ ಕೇಳಿಸ್ಕೊಳ್ಳಿ. ಧಡ್ ಅಂದ್ರೆ ಪೆಟ್ಟು ಮಂಡಿಗೆ” ಎಂದಳು. ಇದು ಟೀಚರಿಗೆ ಹಿಡಿಸಿತು. ಎರಡನೆಯ ದಿನ ಮನಸ್ಸಿನ ಮಾತು ಬಂದಾಗ ಆಕಳಿಸಿದರು. ನೋವು ಹೇಳಿಕೊಂಡರೆ ಅವಮಾನ ಎಂದು ಮಕ್ಕಳಿಗೆ ಅನ್ನಿಸಬಾರದಂತೆ. ಆಟಕ್ಕೆ ಮುಂಚೆ ದಿನಾ ಹೆಬ್ಬೆರಳು ತೋರಿಸಲು ಹೇಳಬೇಕಂತೆ; ಎಲ್ಲ ಸರಿಯಿದ್ದರೆ ಮೇಲೆ, ಎಲ್ಲಾದರೂ ನೋವೋ ಮನಸ್ಸಿಗೆ ಬೇಜಾರೋ ಇದ್ದರೆ ಕೆಳಗೆ. “ತಲೆಗೆ ಪೆಟ್ಟಾಗಿದೆ ಅಂತ ಬರೀ ಅನುಮಾನ ಬಂದ್ರೂ ಆಡಿಸ್ಬೇಡಿ. ಅದರ ಮೇಲೆ ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಕುತ್ತು” ಎಂದಾಗ ಮಾತ್ರ ಆಕಳಿಕೆ ನಿಂತಿತು.

ಹಿಡಿದ ಕೆಲಸ ಬಿಡುವ ಜಾಯಮಾನ ಅವರದಲ್ಲ. ಮಕ್ಕಳು ಇಳಿಯುವ ಸದ್ದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಹೆಬ್ಬೆರಳನ್ನೂ ತಪ್ಪದೆ ಕೇಳಿದರು. ದಿನಾ ಎಲ್ಲ ಹೆಬ್ಬೆರಳೂ ಮೇಲೆಯೇ ಇರುತ್ತಿದ್ದವು.

ಪಂದ್ಯ ಹತ್ತಿರ ಬಂದಿತ್ತು. ತಂಡದ ನಾಯಕಿ, ಎರಡು ಜಡೆಯ ಹುಡುಗಿ, ಚೆಂಡಿನ ಹಿಂದೆ ಹಾರಿ ನೆಟ್ಟಿನ ಕಂಬಕ್ಕೆ ಅಪ್ಪಳಿಸಿದಳು. ಟೀಚರ್ ಎದ್ದೆನೋ ಬಿದ್ದೆನೋ ಎಂದು ಓಡಿದರು.

“ತಲೆಗೆ ತಾಗ್ತಾ?”

“ಇಲ್ಲ ಟೀಚರ್, ಭುಜಕ್ಕೆ. ಏನಾಗಿಲ್ಲ.”

ಮರುದಿನ ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು, ಕೈಗೇ ಬಂದ ಚೆಂಡು ಬಿಟ್ಟಳು. ಮತ್ತೆ ಕೇಳಿದರೆ ಮತ್ತೆ “ಏನಾಗಿಲ್ಲ”. ಇಷ್ಟು ವರ್ಷ ತಾವು ಹೇಳಿದ ಮಾತೇ ಈಗ ತಿರುಗಿ ಬಂದು ಟೀಚರಿಗೆ ಹೆದರಿಕೆ ಹುಟ್ಟಿಸಿತು.

ಸಂಜೆ ಮನೆಯಲ್ಲಿ ಒಂದೇ ಸಮನೆ ಗೊಣಗಿದರು. ಗಂಡ ಟೈಲರ್, ಯಾರದೋ ಪ್ಯಾಂಟಿನ ಅಂಚು ಮಡಚುತ್ತಾ ಕೇಳಿಸಿಕೊಂಡರು.

“ನಾಳಿದ್ದಿನ ಮ್ಯಾಚಿಗೆ ಅವಳನ್ನ ಇಳಿಸಲ್ಲ, ಅದು ಬಿಡಿ. ಆದ್ರೆ ಡಾಕ್ಟರ್ ಮುಂದೆ ಕೂರಿಸಿದ್ರೂ ಏನಾಗಿಲ್ಲ ಅಂತಾನೇ ಅಂತಾಳೆ. ಬಾಯಿ ಬಿಡ್ಸೋದು ಹೇಗ್ರೀ?”

“ಯಾರನ್ನ ನೋಡಿ ಕಲಿತಳೋ!” ಗಂಡ ದಾರ ಕಚ್ಚಿ ಹರಿದರು. “ಆರು ವರ್ಷದಿಂದ ಈ ಮನೆ ಮೆಟ್ಟಿಲನ್ನ ಕಂಬಿ ಹಿಡ್ಕೊಂಡು ಅಡ್ಡಡ್ಡ ಇಳೀತಿದೀಯ. ಮಂಡಿ ನೋವಾ ಅಂದ್ರೆ ಏನಾಗಿಲ್ಲ ಅಂತೀಯ. ನಂಗೇನು ಕಣ್ಣು ಕಾಣಲ್ವಾ?”

ಗಂಡನ ಮೇಲೆ ಹರಿಹಾಯಲು ಹೊರಟ ಟೀಚರ್ ಬಲಮಂಡಿಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತರು.

ಮರುದಿನ ಮಕ್ಕಳೆಲ್ಲ ಸುತ್ತ ನಿಂತಾಗ ನಡುವೆ ನೆಲದ ಮೇಲೆ ಕುಳಿತು, ಟ್ರ್ಯಾಕ್ ಪ್ಯಾಂಟನ್ನು ಮೇಲೆ ಮಡಚಿದರು. ಬಲಮಂಡಿ ಬನ್ನಿನಂತೆ ಊದಿಕೊಂಡಿತ್ತು. ಹೆಬ್ಬೆರಳನ್ನು ಕೆಳಗೆ ಮಾಡಿ ತೋರಿಸಿದರು.

“ಇವತ್ತು ಮೊದಲು ನಂದು. ಇದು ನೋಯುತ್ತೆ. ತುಂಬ ವರ್ಷದಿಂದ ನೋಯುತ್ತೆ. ಹೇಳಿದ್ರೆ ನೀವೆಲ್ಲ ನಗ್ತೀರ ಅಂತ ಹೇಳ್ಲಿಲ್ಲ.”

ಹುಡುಗಿಯರು ಬಗ್ಗಿ ಬಗ್ಗಿ ಆ ಮಂಡಿ ನೋಡಿದರು. ಆಮೇಲೆ ತಂಡಕ್ಕೆಲ್ಲ ಚಿಕ್ಕವಳು, ಮಹಾ ತಲೆಹರಟೆ, ಮೆಲ್ಲಗೆ ಅಂದಳು: “ಏನಾಗಿಲ್ಲ, ಏಳಿ ಟೀಚರ್!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೀಚರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಕಣ್ಣೊರೆಸಿಕೊಂಡು ನೋಡುತ್ತಾರೆ, ಎರಡು ಜಡೆಯವಳ ಹೆಬ್ಬೆರಳು ಕೆಳಗಿದೆ.

“ತಲೆಗೇ ತಾಗಿದ್ದು ಟೀಚರ್. ಓದೋಕೆ ಕೂತ್ರೆ ಅಕ್ಷರ ಅಲ್ಲಾಡುತ್ತೆ. ಹೇಳಿದ್ರೆ ನೀವು ನನ್ನ ಗಟ್ಟಿಗಿತ್ತಿ ಅನ್ನಲ್ವೇನೋ ಅಂತ...”

ಟೀಚರಿಗೆ ಹೆದರಿಕೆಯ ಹಿಂದೆಯೇ ಹೋದ ಜೀವ ಬಂದಂತೆಯೂ ಆಯಿತು. ಹೇಳಿದಳಲ್ಲ! ಟೀಚರ್ ಅವಳ ಅಮ್ಮನಿಗೆ ಫೋನ್ ಮಾಡಿ, ಆಟೋ ಹಿಡಿದು, ಅವಳನ್ನು ನೇರ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರ್ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಒಂದು ಗೆರೆಯ ಮೇಲೆ ನಡೆಸಿದರು, ಪ್ರಶ್ನೆ ಕೇಳಿದರು. ಹುಡುಗಿ ಒಂದನ್ನೂ ಮುಚ್ಚಿಡಲಿಲ್ಲ. “ಪೆಟ್ಟಿಗೆ ಮಿದುಳು ಸ್ವಲ್ಪ ಅದುರಿದೆ. ಚೆನ್ನಾಗಿ ವಿಶ್ರಾಂತಿ ತಗೊಂಡ್ರೆ ಸರಿಹೋಗುತ್ತೆ, ಹೆದರಬೇಡಿ. ನಾಳೆ ಆಡಿದ್ದಿದ್ರೆ ಮಾತ್ರ ಕಷ್ಟ ಇತ್ತು” ಎಂದರು. ಹುಡುಗಿಯ ಅಮ್ಮ ಮಗಳನ್ನು ತಬ್ಬಿಕೊಂಡರು. ಟೀಚರ್ ಹೊರಗಿನ ಬೆಂಚಿನ ಮೇಲೆ ಕುಳಿತು, ನೋಡುವವರು ನೋಡಿಕೊಳ್ಳಲಿ ಎಂದು ಮನಸಾರೆ ಅತ್ತರು. ಎಷ್ಟು ಹಗುರಾಯಿತು!

“ಟೀಚರ್, ನಾಳೆ ನಾವು ಸೋತ್ರೆ?” ಹೊರಗೆ ಬಂದ ಹುಡುಗಿ ಕೇಳಿದಳು.

“ಸೋತ್ರೆ ಸೋಲೋಣ ಬಿಡೇ ಗಟ್ಟಿಗಿತ್ತಿ.”

ಹೊರಡುವಾಗ ಆಸ್ಪತ್ರೆಯ ಮೆಟ್ಟಿಲ ಬಳಿ ಟೀಚರ್ ಅಭ್ಯಾಸದಂತೆ ಕಂಬಿ ಹಿಡಿದು ಅಡ್ಡಕ್ಕೆ ತಿರುಗಿದರು. ಹುಡುಗಿ ಅಮ್ಮನ ಕೈ ಬಿಡಿಸಿಕೊಂಡು ಬಂದು ಅವರ ಮುಂದೆ ನಿಂತಳು.

“ನಿಮ್ಮದನ್ನೂ ತೋರಿಸ್ಬಿಡಿ ಟೀಚರ್. ಡಾಕ್ಟರ್ ಇನ್ನೂ ಒಳಗೇ ಇದಾರೆ.”

ಬಾಯಿಗೆ ಬಂದದ್ದು ಹಳೆಯ ಮಾತೇ. ಟೀಚರ್ ಅದನ್ನು ಅಲ್ಲಿಗೇ ನುಂಗಿಕೊಂಡು, ಹುಡುಗಿಯ ಕೈ ಹಿಡಿದು ಒಳಗೆ ಹೋದರು.