ಪಿಸುಮಾತಿನ ಅನ್ನಾವಿ

ಮಂಗಳವಾರ ಮುಂಜಾನೆ ಕಾಫಿ ಹಿಡಿದು ಹೋದಾಗ ನಮ್ಮ ಅಕ್ಕ ಯೂಫ್ರೇಸಿಯಾ ಏಳಲಿಲ್ಲ. ಹಾಸಿಗೆಯಲ್ಲೇ ತಣ್ಣಗಾಗಿದ್ದಳು. ಕಡಲಿಗೆ ಹೋದ ದೋಣಿಗಳು ಮರಳುವ ಮೊದಲೇ ಬೀದಿಗೆಲ್ಲ ಸುದ್ದಿ ತಿಳಿಯಿತು. ಎಲ್ಲರಿಗಿಂತ ಮೊದಲು ಬಂದವರು ಅನ್ನಾವಿ ಮಾರ್ಸೆಲಿನ್. ಕೈಯಲ್ಲಿ ಜಪಮಾಲೆ, ಲುಂಗಿಯ ಮೇಲೆ ಬಲೆಯ ನೂಲಿನ ಎಳೆಗಳು.

ಅನ್ನಾವಿ ಎಂದರೆ ಪಾದ್ರಿಯಲ್ಲ. ಪಾದ್ರಿ ಬರುವವರೆಗೆ ತೀರಿಕೊಂಡವರ ಪಕ್ಕ ಕೂತು ಪ್ರಾರ್ಥನೆ ಹೇಳುವವರು. ಕಡಲೂರಾದ ನೆಗೊಂಬೊದ ನಮ್ಮ ಬೀದಿಯಲ್ಲಿ ಈ ಕೆಲಸ ತಲೆಮಾರುಗಳಿಂದ ಮಾರ್ಸೆಲಿನ್ ಮನೆಯವರದು. ಮಾರ್ಸೆಲಿನ್ ಬೆಳಗಿನ ನಾಲ್ಕಕ್ಕೆ ಏಳುತ್ತಾರೆ, ಇಗರ್ಜಿಯ ಗಂಟೆ ಹೊಡೆಯುತ್ತಾರೆ, ಸಂಜೆಯವರೆಗೆ ಹರಿದ ಬಲೆ ಹೆಣೆಯುತ್ತಾರೆ. ಮೂವತ್ತೆಂಟು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಸಾವಿನ ಮನೆಗಳಲ್ಲಿ ಕೂತಿದ್ದಾರೆ.

ಅವರ ಪ್ರಾರ್ಥನೆ ಪಕ್ಕದಲ್ಲಿದ್ದವರಿಗೂ ಕೇಳಿಸುವುದಿಲ್ಲ. ಬಾಗಿಲು ಹಾಕಿ ತುಟಿಯಲ್ಲೇ ಹೇಳುತ್ತಾರೆ. ನಡುವೆ ಮೂರು ಸಲ ನಿಲ್ಲಿಸಿ ಬೀದಿಗೆ ಕಿವಿಗೊಡುತ್ತಾರೆ. ಯಾಕೆಂದು ಹಿಂದೊಮ್ಮೆ ಕೇಳಿದ್ದೆ.

"ಡಚ್ಚರ ಕಾಲದಲ್ಲಿ ನಮ್ಮ ಕಥೋಲಿಕ ಪೂಜೆಗೆ ನಿಷೇಧ ಇತ್ತಲ್ಲ ಅಣ್ಣಾ. ಪಾದ್ರಿಗಳು ಸಿಕ್ಕಿದ್ರೆ ಹಿಡಿದು ಹಾಕೋರು. ಸಿಪಾಯಿ ಬೂಟಿನ ಸದ್ದು ದಾಟೋತನಕ ನಮ್ಮ ಹಿರಿಯರು ಉಸಿರು ಬಿಗಿ ಹಿಡಿದು ಕೂತಿರೋರು."

"ಇಂಗ್ಲಿಷರು ಬಂದು ಆ ಅಡ್ಡಿ ತೆಗೆದ್ರಲ್ಲ. ಆಮೇಲೂ ಯಾಕೆ ಪಿಸುಗುಡೋದು?"

"ನಮ್ಮೂರ ಕೋಟೆ ಕೈ ಬದಲಾಗೋಕೆ ಒಂದು ದಿನ ಸಾಕು. ಗಂಟಲಿಗೆ ಸಾಲ್ದು," ಎಂದು ನಕ್ಕಿದ್ದರು. "ಆ ಇಂಗ್ಲಿಷರೂ ಹೋದ್ರು ನೋಡಿ. ಯಾರನ್ನ ನಂಬೋದು?"

ಮಂಗಳವಾರ ಅವರು ಬಾಗಿಲು ಹಾಕಲು ಹೋದಾಗ ನಾನು ತಡೆದೆ. ಅಕ್ಕನಿಗೆ ಹತ್ತು ವರ್ಷದಿಂದ ಕಿವಿ ಮಂದವಾಗಿತ್ತು. ಕಡೆಯ ಪ್ರಾರ್ಥನೆಯಾದರೂ ಅವಳನ್ನು ಮುಟ್ಟಬೇಕೆಂಬುದೊಂದೇ ನನ್ನ ಆಸೆ.

"ಜೋರಾಗಿ ಹೇಳಿ ಅನ್ನಾವಿಯವರೇ."

"ನಮ್ಮಪ್ಪ ಹೇಳಿಲ್ಲ, ಅವರಪ್ಪ ಹೇಳಿಲ್ಲ. ನಂಗೆ ಬರಲ್ಲ ಅಣ್ಣಾ."

"ದೇವರಿಗೆ ಪಿಸುಮಾತೂ ಕೇಳ್ಸುತ್ತೆ. ಇವಳಿಗೆ ಕೇಳ್ಸಲ್ಲ."

ಅವರು ಅಕ್ಕನ ಮುಖವನ್ನೇ ನೋಡುತ್ತ ನಿಂತರು. "ಯೂಫ್ರೇಸಿಯಕ್ಕ ನನ್ನನ್ನ 'ಮೂಗ ಅನ್ನಾವಿ' ಅಂತ ರೇಗಿಸ್ತಿದ್ರು," ಎಂದರು.

ಬಾಗಿಲು ಹಾಕದೆ ಹಾಗೇ ಬಿಟ್ಟರು. ಮೊದಲ ಸಾಲಿಗೆ ದನಿ ಒಡೆಯಿತು. ಎರಡನೆಯದಕ್ಕೆ ಕೆಮ್ಮು ಬಂತು. ಮೂರನೆಯದು ಬೀದಿಗೆ ಕೇಳಿಸಿತು. ಅಭ್ಯಾಸಬಲದಿಂದ ಅವರು ಒಂದು ಕಡೆ ನಿಲ್ಲಿಸಿದಾಗ, ಎದುರುಮನೆಯ ಅಂಗಳದಲ್ಲಿ ಮೊಣಕಾಲೂರಿದ್ದ ಮುದುಕಿಯರು "ಆಮೆನ್" ಎಂದರು. ಅನ್ನಾವಿ ಬೆಚ್ಚಿದರು. ಕಣ್ಣೊರೆಸಿಕೊಂಡು, ಇನ್ನಷ್ಟು ಗಟ್ಟಿಯಾಗಿ ಮುಂದುವರಿಸಿದರು.

ಮಣ್ಣು ಮಾಡಿ ಬಂದ ಮೇಲೆ ನಮ್ಮ ಜಗಲಿಯಲ್ಲಿ ಕೊತ್ತಂಬರಿ ಕಷಾಯ ಕುಡಿಯುತ್ತ ಹೇಳಿದರು: "ಇನ್ಮೇಲೆ ಎಲ್ಲರೂ ಜೋರಾಗಿ ಹೇಳಿ ಅಂತಾರೆ. ಗಂಟಲು ಹೋದ್ರೂ ಹೇಳ್ತೀನಿ ಬಿಡಿ. ದೇವರು ಇನ್ನೊಂದಿಷ್ಟು ವರ್ಷ ದನಿ ಉಳಿಸಿದ್ರೆ ಸಾಕು."

ಕರುಣಾಳುವಾದ ದೇವರೇ, ನಮ್ಮ ಅಕ್ಕನನ್ನು ನೀನೇ ಹೆಸರು ಹಿಡಿದು ಕರೆ. ನಿನ್ನ ದನಿ ಅವಳಿಗೆ ಕೇಳಿಸಲಿ. ಅವಳು ನಿನ್ನ ಬಳಿ ನೆಮ್ಮದಿಯಿಂದಿರಲಿ.