ಹೊಸ ವಾಚಿನ ಸರ್ವಿಸ್

ಮೊನ್ನೆ ಶುಕ್ರವಾರ ಊಟದ ಹೊತ್ತಿನಲ್ಲಿ ನಮ್ಮ ಕಚೇರಿಯ ಸುಧಾ ಮೇಡಂ ಬ್ಯಾಗಿನಿಂದ ಒಂದು ವಾಚು ತೆಗೆದು ನನ್ನ ಮೇಜಿನ ಮೇಲಿಟ್ಟರು. ಮದುವೆಯಾದ ದಿನದ ನೆನಪಿಗೆಂದು ಗಂಡನಿಗೆ ಫೋನಿನಲ್ಲೇ ತರಿಸಿಕೊಟ್ಟಿದ್ದಂತೆ. ದೊಡ್ಡ ಕಂಪನಿಯ ವಾಚಿನ ನಕಲು. ಸೆಲ್ ಇಲ್ಲ, ಕೀ ಕೊಡುವುದೂ ಬೇಕಿಲ್ಲ, ಕಟ್ಟಿಕೊಂಡ ಕೈ ಆಡಿದರೆ ತಾನೇ ನಡೆಯುವಂಥದು.

"ಸರ್, ಹೊಸಾದು. ಆದ್ರೂ ನಿಂತು ನಿಂತು ಹೋಗ್ತೈತಿ. ಸರ್ವಿಸ್ ಮಾಡಿಸ್ಬೇಕೇನ್ರೀ? ನಿಮ್ಮ ಕೈಯಾಗೂ ಇಂಥದೇ ಐತಲ್ಲ" ಎಂದರು.

ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. "ಸೋಮವಾರ ಹೇಳ್ತೀನಿ ಮೇಡಂ" ಎಂದುಬಿಟ್ಟೆ. ಇಷ್ಟು ಸಣ್ಣ ಪ್ರಶ್ನೆಗೆ ಮೂರು ದಿನ ಯಾಕೆ ಎಂದು ಅವರಿಗೆ ಅನ್ನಿಸಿರಬೇಕು. ನಿಮಗೂ ಅನ್ನಿಸಿದ್ದರೆ ತಪ್ಪಿಲ್ಲ.

ನನ್ನ ಕೈಯಲ್ಲಿರುವುದು ಭಾವನ ವಾಚು. ಭಾವ ಎಂದರೆ ನನ್ನ ಅಕ್ಕನ ಗಂಡ, ಸೊರಬದ ಕಡೆಯ ಜಡೆ ಎಂಬ ಊರಿನವರು, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಕೈ ಬೀಸದೆ ಅವರು ಒಂದು ಮಾತೂ ಆಡಿದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತಾಗಲೂ ಎಡಗೈ ಮೇಲೆದ್ದು ಯಾರನ್ನೋ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ಅಕ್ಕ "ಆ ಕೈ ಕೆಳಗಿಡ್ರೀ, ಸಾರು ಚೆಲ್ಲತ್ತೆ" ಎಂದು ಗದರುವುದು ನಮ್ಮ ಮನೆಮಂದಿಗೆಲ್ಲ ಬಾಯಿಪಾಠ.

ಅವರು ನಿವೃತ್ತರಾದಾಗ ಮನೆಯ ಮುಂದೆ ಶಾಮಿಯಾನ ಹಾಕಿಸಿ ಊಟ ಹಾಕಿಸಿದರು. ನಮ್ಮ ಕಡೆ ಮುಯ್ಯಿ ಮಾಡಿದರೆ ಅದನ್ನು ಮೈಕಿನಲ್ಲಿ ಕೂಗುತ್ತಾರೆ, ಯಾರು ಏನು ಕೊಟ್ಟರೆಂದು ಸಾರು ಬಡಿಸುವವನಿಗೂ ಗೊತ್ತಾಗಬೇಕು. ಹೆಂಡತಿಯ ತವರಿನ ಮುಯ್ಯಿ ಎಂದರಂತೂ ಉಣ್ಣುವವರು ಕೈ ನಿಲ್ಲಿಸಿ ಕೇಳುತ್ತಾರೆ. ಅಪ್ಪ ಅಮ್ಮ ಇಲ್ಲದ ಮೇಲೆ ಅಕ್ಕನಿಗೆ ತವರು ಅಂದರೆ ನಾನೊಬ್ಬನೇ. ನಾನು ತಂದದ್ದು ನಕಲಿ ವಾಚು. ಅದೇನೂ ಅಪರಾಧವಲ್ಲ, ಸುಮ್ಮನೆ "ವಾಚು" ಎಂದಿದ್ದರೆ ಮುಗಿದುಹೋಗುತ್ತಿತ್ತು. ಮೈಕು ಹಿಡಿದವರು "ಏನಂತ ಕೂಗಲಿ?" ಎಂದು ಕೇಳಿದರು. ನಾನು ಅಂಗಿಯ ಕಾಲರು ಸರಿಮಾಡಿಕೊಂಡು "ಫಾರಿನ್ ವಾಚು ಅನ್ನಿ, ಒರಿಜಿನಲ್" ಎಂದೆ. ಅವರು ಎರಡು ಸಲ ಕೂಗಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಅಕ್ಕನ ಮುಖ ನೋಡಿ, ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ಒಂದು ವರ್ಷ ವಾಚು ಚೆನ್ನಾಗಿಯೇ ನಡೆಯಿತು. ಆಮೇಲೊಂದು ಸಲ ಜಡೆಗೆ ಹೋದಾಗ ನೋಡುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಭಾವನ ಕೈಯಲ್ಲಿ ಏಳೂಕಾಲು. ಅವರೇ ನಕ್ಕು, "ಹೊಸ ಎತ್ತು ನೋಡು, ನೊಗಕ್ಕೆ ಹೊಂದಿಕೊಳ್ಳೋದಕ್ಕೆ ಹೊತ್ತು ಬೇಕು" ಎಂದರು. ಸೊರಬದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಗುತ್ಯಪ್ಪ ಎಂಬ ವಾಚು ರಿಪೇರಿಯವರಿದ್ದಾರೆ, ಅವರಿಗೆ ತೋರಿಸುತ್ತೇನೆ ಎಂದಳು ಅಕ್ಕ. ಗುತ್ಯಪ್ಪ ಹಿಂದಿನ ಮುಚ್ಚಳ ತೆಗೆದರೆ ನನ್ನ ಬಂಡವಾಳ ಬಯಲಾಗುತ್ತದಲ್ಲ! "ಬೇಡ ಬೇಡ, ಇದನ್ನ ಕಂಪನಿಯವರೇ ಸರ್ವಿಸ್ ಮಾಡಬೇಕು, ಬೇರೆಯವರು ಮುಟ್ಟಬಾರದು" ಎಂದು ಭಾವನ ಕೈಯಿಂದ ಬಿಚ್ಚಿಕೊಂಡು ನಾನಿರುವ ಶಿಕಾರಿಪುರಕ್ಕೆ ತಂದೆ.

ಯಾವ ಕಂಪನಿ, ಯಾವ ಸರ್ವಿಸ್? ಎಂಟು ದಿನ ನಾನೇ ಕಟ್ಟಿಕೊಂಡು ಓಡಾಡಿದೆ. ಒಂದು ನಿಮಿಷವೂ ತಪ್ಪಲಿಲ್ಲ. "ಸರ್ವಿಸ್ ಆಯ್ತು ಭಾವ" ಎಂದು ಕೊಟ್ಟು ಬಂದೆ. ಹದಿನೈದು ದಿನಕ್ಕೆ ಮತ್ತೆ ನಿಂತಿತು. ಮತ್ತೆ ತಂದೆ, ಮತ್ತೆ ಕಟ್ಟಿಕೊಂಡೆ, ಮತ್ತೆ ಕೊಟ್ಟೆ. ಹೀಗೆ ಏಳೆಂಟು ತಿಂಗಳು ಎಳೆದೆ. ಕೈ ಆಡಿದರೆ ತಾನೇ ನಡೆಯುತ್ತದೆ ಎಂದು ಅದನ್ನು ಕೊಡುವಾಗ ಜಂಬದಿಂದ ವಿವರಿಸಿದ್ದವನು ನಾನೇ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ವಾಚು ನಿಂತಿತು ಎಂದರೆ ನನಗೆ ಹೊಳೆಯುತ್ತಿದ್ದುದು ನಕಲಿ ಎಂಬುದೊಂದೇ. ಭಾವ ಈಚೆಗೆ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ಮಾತಾಡುತ್ತಾರೆ ಎಂಬುದನ್ನೂ ಗಮನಿಸಿದ್ದೆ. ನಿವೃತ್ತರಾದ ಮೇಲೆ ಗಾಂಭೀರ್ಯ ಬಂತು ಎಂದುಕೊಂಡೆ. ಎಂಥ ಬುದ್ಧಿವಂತ ನೋಡಿ ನಾನು.

ಕೊನೆಗೆ ವಾಚು ಎರಡು ದಿನಕ್ಕೊಮ್ಮೆ ನಿಲ್ಲತೊಡಗಿದಾಗ, ಅಕ್ಕನಿಗೆ ಹೇಳದೆ, ಹಿಂತಿರುಗುವಾಗ ಸೊರಬದಲ್ಲಿ ಇಳಿದು ಗುತ್ಯಪ್ಪನವರ ಮುಂದೆ ಅದನ್ನಿಟ್ಟೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದರು.

"ಡೂಪ್ಲಿಕೇಟು" ಎಂದರು.

"ಗೊತ್ತು. ಸರ್ವಿಸ್ ಮಾಡಿಕೊಡಿ."

"ಯಂತಕ್ಕೆ? ಮಷಿನ್ನು ಹೊಸದು, ಎಣ್ಣೆ ಆರಿಲ್ಲ, ಧೂಳಿಲ್ಲ. ಡೂಪ್ಲಿಕೇಟಾದ್ರೂ ಗಟ್ಟಿ ಇದೆ." ಒಮ್ಮೆ ಅಲ್ಲಾಡಿಸಿ ನನ್ನ ಕಿವಿಗೆ ಹಿಡಿದರು, ನಡೆಯುತ್ತಿತ್ತು. "ಯಾರು ಕಟ್ಕಳ್ತಾರೆ ಇದನ್ನ? ಹಾಸಿಗೆ ಹಿಡಿದವರಾ?"

"ಇಲ್ಲರೀ, ನಮ್ಮ ಭಾವ. ಡ್ರಿಲ್ ಮಾಸ್ತರು."

ಗುತ್ಯಪ್ಪ ಮಸೂರ ತೆಗೆದು ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ವಾಚಿನ ಮಾತು ಬಿಡಿ ಮಾರಾಯ್ರೆ. ಆ ಕೈನ ಡಾಕ್ಟ್ರಿಗೆ ತೋರಿಸಿ."

ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿದರು. ತಲೆಯೊಳಗೆ ಗಡ್ಡೆ, ಆಗಲೇ ಬೆಳೆದಿತ್ತು. ಏಳೆಂಟು ತಿಂಗಳು ಮೊದಲೇ ಬಂದಿದ್ದರೆ ಎಂದು ಕೇಳಿದೆ. "ಉಳೀತಿದ್ರು ಅಂತ ಹೇಳೋಕಾಗಲ್ಲ. ಉಳೀತಿರಲಿಲ್ಲ ಅಂತಲೂ ಹೇಳೋಕಾಗಲ್ಲ" ಎಂದರು ಡಾಕ್ಟರು. ಆ ಎರಡು ಮಾತುಗಳ ನಡುವೆಯೇ ನಾನು ಇವತ್ತಿಗೂ ಬದುಕುತ್ತಿದ್ದೇನೆ. ಭಾವ ಯುಗಾದಿಯವರೆಗೆ ಇದ್ದರು. ಹದಿಮೂರು ದಿನ ಕಳೆದ ಮೇಲೆ ಅಕ್ಕ ವಾಚನ್ನು ತಂದು "ನೀ ಕೊಟ್ಟಿದ್ದು, ನೀನೇ ಕಟ್ಕೊ" ಎಂದಳು. ಅವತ್ತಿನಿಂದ ನನ್ನ ಕೈಯಲ್ಲಿ ಒಮ್ಮೆಯೂ ನಿಂತಿಲ್ಲ. ನಿಂತಿದ್ದರೆ ಸಮಾಧಾನವಾಗುತ್ತಿತ್ತೇನೋ.

ಸುಧಾ ಮೇಡಂ ಕೇಳಿದ್ದು ಎರಡು ದಿನ ಕೊರೆಯಿತು. ನಿನ್ನೆ ಭಾನುವಾರ ಜಡೆಗೆ ಹೋದೆ. ಅಕ್ಕ ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರು ಕೂತು, ತಲೆ ಎತ್ತದೆ, ಎಲ್ಲ ಹೇಳಿದೆ. ಒರಿಜಿನಲ್ ಅಲ್ಲ ಎಂದೆ. ಸರ್ವಿಸ್ ಸುಳ್ಳು ಎಂದೆ. ಸಿಕ್ಕಿಬೀಳುವ ಭಯಕ್ಕೆ ಗುತ್ಯಪ್ಪನ ಹತ್ತಿರ ಹೋಗಗೊಡಲಿಲ್ಲ ಎಂದೆ.

ಅಕ್ಕನ ಕೈ ಮೊರದ ಮೇಲೆ ನಿಂತಿತು.

"ನಕಲಿ ಅಂತ ಅವರಿಗೆ ಮೊದಲ ದಿನವೇ ಗೊತ್ತಿತ್ತು ಕಣೋ. ಜನ್ಮವೆಲ್ಲ ಸ್ಟಾಪ್‌ವಾಚ್ ಹಿಡಿದವರಿಗೆ ಗೊತ್ತಾಗಲ್ವಾ? ನೀ ಬೇಡ ಅಂದ್ರೂ ನಾನು ಒಂದಿನ ಸೊರಬಕ್ಕೆ ತಗೊಂಡು ಹೊರಟಿದ್ದೆ. ಅವರೇ ತಡೆದ್ರು. ಗುತ್ಯಪ್ಪ ನೋಡಿದ್ರೆ ಊರಿಗೆಲ್ಲ ಗೊತ್ತಾಗತ್ತೆ, ನಿನ್ನ ತಮ್ಮಂಗೆ ಅವಮಾನ, ಮೈಕಲ್ಲಿ ಕೂಗಿಸಿದಾನೆ ಪಾಪ, ಬಿಡು ಅಂದ್ರು."

ನಾನು ಅತ್ತುಬಿಟ್ಟೆ. ಅಕ್ಕ ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಮತ್ತೆ ಅಕ್ಕಿ ಆರಿಸತೊಡಗಿದಳು.

ಇವತ್ತು ಸೋಮವಾರ. ಸುಧಾ ಮೇಡಂ ಬಂದವರೇ "ಸರ್ವಿಸ್ ಬೇಕೇನ್ರೀ ಸರ್?" ಎಂದು ಕೇಳಿದರು.

"ಇದು ನಕಲಿ ಅಂತ ನಿಮ್ಮ ಮನೆಯವರಿಗೆ ಗೊತ್ತಾ?" ಎಂದೆ.

"ಅಯ್ಯೋ, ಇಲ್ರೀ. ಒರಿಜಿನಲ್ ಅಂತ ಹೇಳೀನಿ."

"ಹಾಗಾದ್ರೆ ಮೊದಲು ಮನೆಗೆ ಹೋಗಿ ನಿಜ ಹೇಳಿ. ಹೇಳಿ ಆದ ಮೇಲೆ, ವಾಚು ಕಟ್ಟೋ ಕೈಲಿ ಒಂದು ತುಂಬಿದ ತಂಬಿಗೆ ಎತ್ತೋಕೆ ಹೇಳಿ. ಎದುರಿಗೇ ನಿಂತು ನೋಡಿ."

ತಮಾಷೆಯೆಂದುಕೊಂಡು ಅವರು ನಕ್ಕರು. ನಾನು ಅದನ್ನೇ ಇನ್ನೊಂದು ಸಲ ಹೇಳಿದೆ.